ಸ್ನ್ಯಾಪ್‌ಚಾಟ್ ಡಿಸ್‌ಮಾರ್ಫಿಯಾ: ಫಿಲ್ಟರ್ ಮುಖವೇ ಬೇಕು ಅನ್ನಿಸಿದಾಗ

ಮೊದಲೆಲ್ಲ ಮೂಗು, ತುಟಿ ತಿದ್ದಿಸಿಕೊಳ್ಳಲು ಹೋಗುವವರು ಯಾರೋ ಸಿನಿಮಾ ನಟಿಯ ಫೋಟೊ ತೋರಿಸುತ್ತಿದ್ದರು. ಆಮೇಲೆ ತಮ್ಮದೇ ಸೆಲ್ಫಿ ತೋರಿಸಲು ಶುರು ಮಾಡಿದರು, ಅದೂ ಫಿಲ್ಟರ್ ಹಾಕಿದ್ದು. 'ನನ್ನ ಮುಖ ಹೀಗೆ ಮಾಡಿಕೊಡಿ' ಅಂತ. ಬ್ರಿಟನ್ನಿನ ಕಾಸ್ಮೆಟಿಕ್ ಡಾಕ್ಟರ್ ಟಿಜಿಯನ್ ಎಶೊ ಇದನ್ನು 'ಸ್ನ್ಯಾಪ್‌ಚಾಟ್ ಡಿಸ್‌ಮಾರ್ಫಿಯಾ' ಎಂದು ಕರೆದರು. ಸ್ನ್ಯಾಪ್‌ಚಾಟ್ ಅಂದರೆ ಫಿಲ್ಟರ್ ಹಾಕಿ ಫೋಟೊ ಕಳಿಸುವ ಆಪ್, ಡಿಸ್‌ಮಾರ್ಫಿಯಾ ಅಂದರೆ ತನ್ನ ರೂಪದ ಬಗ್ಗೆ ಅತಿಯಾದ ಕೊರಗು. 2018ರಲ್ಲಿ ಬಾಸ್ಟನ್ನಿನ ವೈದ್ಯರು ಇದರ ಬಗ್ಗೆ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಮೇಲೆ ಪದ ಎಲ್ಲ ಕಡೆ ಹಬ್ಬಿತು.

ಕಾಯಿಲೆಗಳ ಪಟ್ಟಿಯಲ್ಲಿ ಈ ಹೆಸರಿಲ್ಲ. ಅಲ್ಲಿರುವುದು ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್. ಬೇರೆಯವರ ಕಣ್ಣಿಗೇ ಬೀಳದ ಸಣ್ಣ ಕೊರತೆ, ಅದನ್ನು ಹೊತ್ತವರಿಗೆ ಮಾತ್ರ ಬೆಟ್ಟದಷ್ಟು ಕಾಣುತ್ತದೆ, ದಿನದ ಗಂಟೆಗಟ್ಟಲೆ ಅದೇ ಯೋಚನೆ. ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ 1891ರಲ್ಲೇ ಇದನ್ನು ಗುರುತಿಸಿದ್ದರು. ಹೆಚ್ಚಾಗಿ ಶುರುವಾಗುವುದು ಹದಿಹರೆಯದಲ್ಲಿ, ಅಂದರೆ ಮಕ್ಕಳ ಕೈಗೆ ಫೋನ್ ಬರುವ ವಯಸ್ಸಿನಲ್ಲೇ.

ಫಿಲ್ಟರ್ ಮಾಡುವ ಕೆಲಸ ಸ್ವಲ್ಪ ಗಮನಿಸಿ. ಮೂಗು ಸಪೂರ ಆಗುತ್ತದೆ, ದವಡೆ ಒಳಗೆ ಹೋಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ಮೊಡವೆ ಮಾಯ, ಬಣ್ಣವೂ ಒಂಚೂರು ಬಿಳಿ. ಯಾರದ್ದೇ ಮುಖ ಇರಲಿ, ಎಲ್ಲರಿಗೂ ಅದೇ ಅಚ್ಚು. ಯಾವ ಮದುವೆಮನೆಗೆ ಹೋದರೂ 'ಏನೇ, ಇಷ್ಟು ಕಪ್ಪಾಗಿದ್ದೀಯ' ಅಂತ ಕೇಳಿಸಿಕೊಂಡೇ ಬೆಳೆದ ಹುಡುಗಿಗೆ ಆ ಬಿಳಿ ಮುಖ ಸುಮ್ನೆ ಆಟ ಅನ್ನಿಸುವುದಿಲ್ಲ, ತಾನು ಇರಬೇಕಾಗಿದ್ದೇ ಹಾಗೆ ಅನ್ನಿಸುತ್ತದೆ. ಅದಕ್ಕೆ ಲೈಕ್ ಜಾಸ್ತಿ ಬಿದ್ದರೆ ಮುಗಿಯಿತು, ಫಿಲ್ಟರ್ ಇಲ್ಲದ ಫೋಟೊ ಹಾಕಲು ಆಮೇಲೆ ಕೈಯೇ ಬರುವುದಿಲ್ಲ.

ಫಿಲ್ಟರ್ ತೆಗೆದರೂ ಕ್ಯಾಮೆರಾ ನಿಜ ಹೇಳುವುದಿಲ್ಲ. ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಹೆಚ್ಚು ಅಗಲ ಕಾಣುತ್ತದೆ ಎಂದು 2018ರ ಅಮೆರಿಕದ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಇದನ್ನು ಮಕ್ಕಳಿಗೆ ಖಂಡಿತ ಹೇಳಬೇಕು. ಐದಡಿ ದೂರದಿಂದ ಇನ್ನೊಂದು ಫೋಟೊ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

ಕಂಪನಿಗಳಿಗೆ ಇದು ಗೊತ್ತಿಲ್ಲ ಅಂತೇನಿಲ್ಲ. 2021ರಲ್ಲಿ ಹೊರಬಿದ್ದ ಇನ್‌ಸ್ಟಾಗ್ರಾಂ ಒಳಗಿನ ದಾಖಲೆಯಲ್ಲೇ ಇತ್ತು: ತಮ್ಮ ದೇಹದ ಬಗ್ಗೆ ಬೇಜಾರಾದಾಗ ಇನ್‌ಸ್ಟಾಗ್ರಾಂ ಆ ಬೇಜಾರನ್ನು ಇನ್ನೂ ಹೆಚ್ಚಿಸಿತು ಎಂದು ಶೇ. 32ರಷ್ಟು ಹದಿಹರೆಯದ ಹುಡುಗಿಯರು ಹೇಳಿದ್ದರು. ಹುಡುಗರೂ ಇದಕ್ಕೆ ಹೊರತಲ್ಲ, ಅವರ ಚಿಂತೆ ಹೆಚ್ಚಾಗಿ ತೋಳು, ಎದೆ, ಎತ್ತರದ್ದು.

ಸೆಲ್ಫಿ ತೆಗೆಯುವ ಮಕ್ಕಳಿಗೆಲ್ಲ ಈ ತೊಂದರೆ ಇದೆ ಅಂತಲ್ಲ. ಆದರೆ ಮಗು ಕನ್ನಡಿ ಬಿಟ್ಟು ಬರುತ್ತಿಲ್ಲ, ಇಲ್ಲವೇ ಕನ್ನಡಿ ಕಂಡರೇ ಮುಖ ತಿರುಗಿಸುತ್ತದೆ, ಗ್ರೂಪ್ ಫೋಟೊ ಅಂದರೆ ಜಾಗ ಖಾಲಿ ಮಾಡುತ್ತದೆ, ಮುಖದ ನೆಪದಲ್ಲಿ ಕಾಲೇಜು ತಪ್ಪಿಸುತ್ತದೆ ಅಂದರೆ 'ಶೋಕಿ ಜಾಸ್ತಿಯಾಯ್ತು' ಅಂತ ದಯವಿಟ್ಟು ಬೈಯಬೇಡಿ. ಅದು ಶೋಕಿಯಲ್ಲ, ಸಂಕಟ. ಮಾತು ಮತ್ತು ಔಷಧಿಯಿಂದ ಚಿಕಿತ್ಸೆ ಇದೆ. ಫೋನ್ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 'ಟೆಲಿ ಮನಸ್' 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.