‘ಸ್ವಲ್ಪ ಬಾಯಿ ಕಟ್ಟು’ ಅನ್ನುವ ಮಾತಿನ ಹಿಂದೆ

ಮೊದಲೆಲ್ಲ ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ತೂಕದ ಯಂತ್ರ ಇರುತ್ತಿತ್ತು. ಆಳೆತ್ತರದ ಪೆಟ್ಟಿಗೆ, ಮಿಣಮಿಣ ದೀಪ, ಗಾಜಿನ ಹಿಂದೆ ಗಿರಗಿರ ತಿರುಗುವ ಬಣ್ಣದ ಚಕ್ರ. ಹತ್ತಿ ನಿಲ್ಲಬೇಕು, ಚಕ್ರ ನಿಂತ ಮೇಲೆ ನಾಣ್ಯ ಹಾಕಬೇಕು. ಖಟಕ್ ಅಂತ ಒಂದು ಪುಟ್ಟ ರಟ್ಟಿನ ಚೀಟಿ ಬೀಳುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ನಿಮ್ಮ ಗುಣ ಮತ್ತು ಭವಿಷ್ಯ. ನನಗಾಗ ಹನ್ನೊಂದು ವರ್ಷ. ಚೀಟಿ ನನ್ನ ಕೈಗೆ ಬರುವ ಮೊದಲೇ ಕಾಕಾ ಕಸಿದುಕೊಂಡು ತೂಕ ನೋಡಿದರು. ತಿರುಗಿಸಿ ಓದಲೇ ಇಲ್ಲ. “ಈ ಕಡೆ ನೋಡಿದ್ರ ಸಾಕು, ಆ ಕಡೀದು ತಾನ ತಿಳೀತದ. ಇಂವಾ ಬಾಯಿ ಕಟ್ಟೂದಿಲ್ಲ” ಅಂದರು. ಸುತ್ತ ನಿಂತವರು ನಕ್ಕರು.

ತೂಕ ನೋಡಿ ಗುಣ ಹೇಳುವ ಈ ವಿದ್ಯೆ ಯಾವಾಗ ಶುರುವಾಯಿತು? ನಮ್ಮ ಕಡೆಯಂತೂ ಇದು ಬಹಳ ಹಳೆಯದಲ್ಲ. ಧಾರವಾಡ, ಗದಗ, ಹಾವೇರಿಯ ಹಳೆಯ ಮಂದಿಯ ಬಾಯಲ್ಲಿ ‘ಮೈ ಬಂದದ’ ಅನ್ನುವುದು ಹೊಗಳಿಕೆ. ತವರಿಗೆ ಬಂದ ಮಗಳು ಒಂದಿಷ್ಟು ಇಳಿದಿದ್ದರೆ ಸಾಕು, “ಯಾಕವಾ, ಭಾಳ ಸೊರಗೀದಿ? ಅತ್ತಿಮನ್ಯಾಗ ಊಟಾ ಹಾಕೂದಿಲ್ಲೇನು?” ಅಂತ ಓಣಿಯೇ ವಿಚಾರಣೆ ಮಾಡುತ್ತಿತ್ತು. ಸಾಹುಕಾರನ ಹೊಟ್ಟೆ ಅವನ ಅಂಗಡಿಯ ಬೋರ್ಡಿದ್ದ ಹಾಗೆ. ಗರಡಿಮನೆಯ ಪೈಲ್ವಾನ ಎಷ್ಟು ತುಪ್ಪ ಕುಡಿದ, ಎಷ್ಟು ಬದಾಮಿ ತಿಂದ ಅನ್ನುವುದೇ ಒಂದು ಕತೆ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಇದು ಬರದ ಸೀಮೆ. 1791-92ರಲ್ಲಿ ಬಂದ ಬರಕ್ಕೆ ‘ತಲೆಬುರುಡೆ ಬರ’ ಅಂತಲೇ ಹೆಸರು ಬಿತ್ತು. ಸತ್ತವರನ್ನು ಸುಡಲು, ಹೂಳಲು ಜನ ಸಾಲದಷ್ಟು ಸಾವು. ಮತ್ತೆ 1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳ ಬರ. ಆಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಗದಗ, ಹಾವೇರಿ 1997ರವರೆಗೂ ಅದರೊಳಗೇ ಇದ್ದವು. ಇಂಥ ಕಡೆ ಮೈಮೇಲಿನ ಮಾಂಸ ಅಂದರೆ ಹಗೇವಿನಲ್ಲಿ ಕೂಡಿಟ್ಟ ಜೋಳದ ಹಾಗೆ. ಅದನ್ನು ನೋಡಿ ನಗುವವರು ಯಾರು?

ಆ ಬರದ ಒಂದು ಸಂಗತಿ ನನ್ನನ್ನು ಬಿಟ್ಟೂಬಿಡದೆ ಕಾಡುತ್ತದೆ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಬರ ಪರಿಹಾರದ ಕೂಲಿಯನ್ನು ಕಡಿತ ಮಾಡಿದ. ದಿನವಿಡೀ ಕಲ್ಲು ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮೇಲೆ ಒಂದು ಆಣೆ. ಹೆಂಗಸರು, ಮಕ್ಕಳಿಗೆ ಇನ್ನೂ ಕಡಿಮೆ. ಮದ್ರಾಸ್ ಪ್ರಾಂತ್ಯದ ಆರೋಗ್ಯಾಧಿಕಾರಿ ಕಾರ್ನಿಶ್, ಇಷ್ಟರಲ್ಲಿ ದುಡಿಯುವವನು ಬದುಕುವುದಿಲ್ಲ ಅಂತ ಜಗಳ ತೆಗೆದ. ಸರ್ಕಾರದ ಭಯ ಬೇರೆಯೇ ಇತ್ತು: ಜಾಸ್ತಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ. ಎಲುಬು ಎಣಿಸುವ ಹಾಗಿದ್ದ ಮನುಷ್ಯನ ಮೇಲೆ ಆವತ್ತು ಬಂದದ್ದು ಸೋಮಾರಿತನದ ಆರೋಪ. ಅದೇ ಆರೋಪ ಈಗ ದಪ್ಪಗಿರುವವನ ಮೇಲಿದೆ.

ಹಾಗಂತ ನಮ್ಮ ಹಿರಿಯರು ದಪ್ಪ ಮೈಯನ್ನು ಬರೀ ಕೊಂಡಾಡಿದರು ಅನ್ನುವುದೂ ಸುಳ್ಳು. ಚರಕ ಸಂಹಿತೆಯಲ್ಲಿ ಎಂಟು ಬಗೆಯ ‘ನಿಂದಿತ’ ದೇಹಗಳ ಪಟ್ಟಿ ಇದೆ. ತೀರಾ ಎತ್ತರ, ತೀರಾ ಕುಳ್ಳು, ತೀರಾ ಕಪ್ಪು, ತೀರಾ ಬಿಳುಪು, ಮೈತುಂಬ ಕೂದಲು, ಕೂದಲೇ ಇಲ್ಲದ್ದು, ತೀರಾ ದಪ್ಪ, ತೀರಾ ತೆಳು. ಕೊನೆಯ ಎರಡರಲ್ಲಿ ತೆಳುವೇ ವಾಸಿ ಅಂತಲೂ ತೀರ್ಪಿದೆ. ಕಾರಣ ಹೇಳುವಾಗ ಅತಿ ಊಟ, ಸಿಹಿ, ಹಗಲುನಿದ್ದೆ, ಮೈ ಬಗ್ಗಿಸದಿರುವುದು ಎಲ್ಲ ಬರುತ್ತವೆ. ಅವುಗಳ ಜೊತೆಗೆ ‘ಬೀಜಸ್ವಭಾವ’ವೂ ಬರುತ್ತದೆ. ಅಂದರೆ ಹುಟ್ಟಿನಿಂದ ಬಂದದ್ದು. ದಪ್ಪಗಿರುವವನಿಗೆ ಹಸಿವೂ ಜಾಸ್ತಿ, ಮೇದಸ್ಸು, ಅಂದರೆ ಕೊಬ್ಬು, ದಾರಿ ಕಟ್ಟಿದ್ದರಿಂದ ಗಾಳಿ ಹೊಟ್ಟೆಯಲ್ಲೇ ಸುತ್ತಿ ಬೆಂಕಿ ಊದುತ್ತದೆ ಅನ್ನುತ್ತದೆ ಅದೇ ಗ್ರಂಥ. ಗಾಳಿ, ಬೆಂಕಿಯ ವಿವರಣೆ ಇರಲಿ ಬಿಡಿ. ಹೆಚ್ಚು ಉಣ್ಣುವುದರ ಹಿಂದೆ ಹೆಚ್ಚಿನ ಹಸಿವಿದೆ ಅನ್ನುವುದನ್ನು ಅವರು ಗಮನಿಸಿದ್ದರು. ನನ್ನ ಕಾಕಾ ಗಮನಿಸಿರಲಿಲ್ಲ.

ಈಗ ಲಂಡನ್ನಿಗೆ ಹೋಗಿ ಬರೋಣ. ಅಲ್ಲಿ ವಿಲಿಯಂ ಬ್ಯಾಂಟಿಂಗ್ ಅಂತ ಒಬ್ಬರಿದ್ದರು. ಶವಸಂಸ್ಕಾರದ ಏರ್ಪಾಟು ಮಾಡಿಕೊಡುವುದು ಅವರ ಕಸುಬು. ಎತ್ತರ ಐದೂವರೆ ಅಡಿಯೂ ಇಲ್ಲ, ತೂಕ ಸುಮಾರು 92 ಕೆಜಿ. ಬಗ್ಗಿ ಬೂಟಿನ ದಾರ ಕಟ್ಟಲು ಆಗುತ್ತಿರಲಿಲ್ಲ. ಮಂಡಿ ನೋವಿಗೆ ಹೆದರಿ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುತ್ತಿದ್ದರು. ವ್ಯಾಯಾಮ ಮಾಡಿ ಅಂದದ್ದಕ್ಕೆ ದಿನಾ ಬೆಳಿಗ್ಗೆ ದೋಣಿ ಹುಟ್ಟು ಹಾಕಿದರು. ಹಸಿವು ಜಾಸ್ತಿಯಾಯಿತು, ತೂಕವೂ ಏರಿತು. ಕೊನೆಗೆ ಕಿವಿ ಮಂದವಾಗಿದೆ ಅಂತ ಕಿವಿ ವೈದ್ಯ ಹಾರ್ವೆ ಹತ್ತಿರ ಹೋದರೆ, ಅವರು ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಡಿಸಿದರು. ಒಂದು ವರ್ಷದಲ್ಲಿ 21 ಕೆಜಿಯಷ್ಟು ಇಳಿದರು. 1863ರಲ್ಲಿ ಅದನ್ನೆಲ್ಲ ಬರೆದು ಸಣ್ಣ ಪುಸ್ತಕ ಮಾಡಿ ಮೊದಲು ಪುಕ್ಕಟೆ ಹಂಚಿದರು. ಜನಸಂದಣಿಯಲ್ಲಿ, ಗಾಡಿಗಳಲ್ಲಿ ದಪ್ಪಗಿನವರನ್ನು ಹೇಗೆ ಆಡಿಕೊಳ್ಳುತ್ತಾರೆ ಅನ್ನುವುದೂ ಅದರಲ್ಲಿದೆ. ಸ್ವೀಡನ್ ದೇಶದ ಭಾಷೆಯಲ್ಲಿ ಪಥ್ಯ ಮಾಡುವುದಕ್ಕೆ ಇವತ್ತಿಗೂ ಅವರ ಹೆಸರಿನಿಂದ ಬಂದ ಕ್ರಿಯಾಪದವೇ ಇದೆ.

ಬ್ಯಾಂಟಿಂಗ್ ಕಿವಿಯ ಕತೆ ಓದಿದಾಗ ನನಗೆ ನಗು ತಡೆಯಲಿಲ್ಲ. ನಾನೂ ಒಮ್ಮೆ ಕಿವಿ ನೋವು ಅಂತ ನಮ್ಮೂರಿನ ಒಬ್ಬ ವೈದ್ಯರ ಹತ್ತಿರ ಹೋಗಿದ್ದೆ. ಅವರು ಕುರ್ಚಿಯಿಂದ ಏಳಲಿಲ್ಲ, ಕಿವಿಯೊಳಗೆ ಬೆಳಕು ಬಿಟ್ಟು ನೋಡಲೂ ಇಲ್ಲ. “ಮೊದಲ ತೂಕ ಇಳಸ್ರಿ, ಉಳದದ್ದ ಆಮ್ಯಾಲೆ ನೋಡೋಣು” ಅಂದರು. ವಾರ ಬಿಟ್ಟು ಬೇರೆಯವರು ನೋಡಿ ಹೊರಗೆ ತೆಗೆದದ್ದು ಒಂದು ಹತ್ತಿಯ ಉಂಡೆ. ಅದು ಒಳಗೆ ಸಿಕ್ಕಿಕೊಂಡು ಎಷ್ಟು ದಿನವಾಗಿತ್ತೋ.

ತೂಕಕ್ಕೊಂದು ಅಂಕಿ ಕಟ್ಟಿದವರು ವೈದ್ಯರಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಅಂತ ಹುಡುಕುತ್ತಿದ್ದರು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಲೆಕ್ಕ ಕೂಡುತ್ತದೆ ಅಂತ ಕಂಡುಕೊಂಡರು. ಬೊಜ್ಜಿನ ಯೋಚನೆ ಅವರಿಗಿರಲಿಲ್ಲ. ಆಮೇಲೆ ವಿಮೆಯವರು ಬಂದರು. 1942-43ರಲ್ಲಿ ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಕಂಪನಿ ‘ಆದರ್ಶ ತೂಕ’ದ ಕೋಷ್ಟಕ ಪ್ರಕಟಿಸಿತು. ಯಾರು ಬೇಗ ಸಾಯುತ್ತಾರೆ ಅನ್ನುವ ವ್ಯಾಪಾರದ ಲೆಕ್ಕ ಅದು. ‘ಆದರ್ಶ’ ಅನ್ನುವ ಪದ ಹೊಕ್ಕಿದ್ದೇ ತಡ, ಅದರಾಚೆ ಇದ್ದವರೆಲ್ಲ ಏನೋ ತಪ್ಪು ಮಾಡಿದವರ ಹಾಗಾದರು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಕೆಟ್ಲೆಯ ಸೂತ್ರವನ್ನು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಪರೀಕ್ಷಿಸಿ, ಬಿಎಂಐ (ಬಾಡಿ ಮಾಸ್ ಇಂಡೆಕ್ಸ್) ಅಂತ ಹೆಸರಿಟ್ಟರು. ಹೆಂಗಸರು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಇದೇ ಕೀಸ್ 1944-45ರಲ್ಲಿ ಮಾಡಿದ ಇನ್ನೊಂದು ಪ್ರಯೋಗ ನನಗೆ ಬಿಎಂಐಗಿಂತ ದೊಡ್ಡದು. ಯುದ್ಧಕ್ಕೆ ಹೋಗಲು ಒಪ್ಪದ 36 ಯುವಕರು ತಾವಾಗಿ ಮುಂದೆ ಬಂದು 24 ವಾರ ಅರೆಹೊಟ್ಟೆ ಇದ್ದರು. ತತ್ವಕ್ಕಾಗಿ ಊರವರ ಬೈಗುಳ ತಿಂದ ಮಂದಿ, ಮನಸ್ಸು ಗಟ್ಟಿ ಅಲ್ಲ ಅನ್ನುವ ಹಾಗಿಲ್ಲ. ತೂಕ ಕಾಲು ಭಾಗ ಇಳಿಯಿತು. ಆದರೆ ಅವರ ತಲೆ ತುಂಬ ಅನ್ನ ಬಿಟ್ಟು ಬೇರೇನೂ ಉಳಿಯಲಿಲ್ಲ. ಅಡುಗೆ ಪುಸ್ತಕ ಕೂಡಿಸತೊಡಗಿದರು. ತಟ್ಟೆ ನೆಕ್ಕಿದರು. ಸಿಡುಕು, ಖಿನ್ನತೆ ಶುರುವಾಯಿತು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ಹಸಿವು ತೀರದ ಸ್ಥಿತಿ ಕೆಲವರಿಗೆ.

ನಮ್ಮ ದೊಡ್ಡವ್ವನ ನೆನಪಾಗುತ್ತದೆ. ಶ್ರಾವಣದ ನಾಲ್ಕೂ ಸೋಮವಾರ ಸಂಜೆಯವರೆಗೆ ಹನಿ ನೀರು ಮುಟ್ಟುತ್ತಿರಲಿಲ್ಲ. ಅವತ್ತೇ ಮನೆಮಂದಿಗೆಲ್ಲ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ ಬಡಿಸುತ್ತಿದ್ದಳು. ಶಿವರಾತ್ರಿಗೆ ಉಪವಾಸ, ಜಾಗರಣೆ ಎರಡೂ. ಆ ಮನೆಯಲ್ಲಿ ಅವಳಷ್ಟು ಗಟ್ಟಿ ಮನಸ್ಸು ಯಾರದ್ದೂ ಇರಲಿಲ್ಲ. ಅವಳ ತೂಕ 90 ಕೆಜಿ. ಅವಳಿಗೆ ಬಾಯಿ ಕಟ್ಟು ಅಂತ ಹೇಳುತ್ತಿದ್ದವರು, ಅವಳು ಬಡಿಸಿದ್ದನ್ನು ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದ ತೆಳ್ಳನೆಯ ಗಂಡಸರು.

ಹಸಿವು ಎಲ್ಲರಿಗೂ ಒಂದೇ ಅಲ್ಲ ಅನ್ನುವುದಕ್ಕೆ ವಿಜ್ಞಾನದ ಸಾಕ್ಷಿ ನಿಧಾನಕ್ಕೆ ಸೇರುತ್ತಾ ಬಂತು. 1986ರಲ್ಲಿ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕಿನ 540 ದತ್ತು ಮಕ್ಕಳ ಲೆಕ್ಕ ತೆಗೆದರು. ದೊಡ್ಡವರಾದ ಮೇಲೆ ಅವರ ಮೈಕಟ್ಟು ಹೆತ್ತವರನ್ನು ಹೋಲುತ್ತಿತ್ತು, ಉಣಿಸಿ ಬೆಳೆಸಿದವರನ್ನಲ್ಲ. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ತಂಡಕ್ಕೆ ಲೆಪ್ಟಿನ್ ಸಿಕ್ಕಿತು. ಕೊಬ್ಬಿನ ಕೋಶಗಳೇ ಸ್ರವಿಸಿ, ‘ಇಲ್ಲಿ ಸಾಕಷ್ಟಿದೆ’ ಅಂತ ಮಿದುಳಿಗೆ ಹೇಳಿ ಕಳಿಸುವ ಹಾರ್ಮೋನು ಅದು. 1997ರಲ್ಲಿ ಕೇಂಬ್ರಿಜ್ಜಿನ ವೈದ್ಯರು ಇಬ್ಬರು ಸೋದರಸಂಬಂಧಿ ಮಕ್ಕಳ ವಿಷಯ ಬರೆದರು. ಎಂಟು ವರ್ಷದ ಹುಡುಗಿ 86 ಕೆಜಿ, ಎರಡು ವರ್ಷದ ಹುಡುಗ 29 ಕೆಜಿ. ಇಬ್ಬರ ಮೈಯಲ್ಲೂ ಲೆಪ್ಟಿನ್ ಇರಲೇ ಇಲ್ಲ ಅನ್ನಬಹುದು. ಚುಚ್ಚುಮದ್ದಿನಲ್ಲಿ ಲೆಪ್ಟಿನ್ ಕೊಡಲು ಶುರುಮಾಡಿದ ಮೇಲೆ ಹುಡುಗಿಯ ಹಸಿವು ಉಳಿದ ಮಕ್ಕಳ ಹಸಿವಿನ ಹಾಗಾಯಿತು. ಇಂಥ ಮಕ್ಕಳು ಜಗತ್ತಿನಲ್ಲೇ ಬಹಳ ಅಪರೂಪ. ಬಹುತೇಕ ದಪ್ಪ ಜನರಲ್ಲಿ ಲೆಪ್ಟಿನ್ ಬೇಕಾದಷ್ಟಿರುತ್ತದೆ, ಮಿದುಳು ಮಾತ್ರ ಅದರ ಮಾತಿಗೆ ಕಿವಿಗೊಡುವುದಿಲ್ಲ.

ಇಳಿದ ತೂಕ ನಿಲ್ಲುವುದಿಲ್ಲ ಯಾಕೆ ಅನ್ನುವುದಕ್ಕೂ ಉತ್ತರ ಸಿಕ್ಕಿದೆ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ರಾಶಿ ರಾಶಿ ತೂಕ ಇಳಿಸಿದ 14 ಜನರನ್ನು ಕೆವಿನ್ ಹಾಲ್ ಅನ್ನುವ ಸಂಶೋಧಕರು ಆರು ವರ್ಷ ಬಿಟ್ಟು ಪರೀಕ್ಷಿಸಿ, 2016ರಲ್ಲಿ ವರದಿ ಕೊಟ್ಟರು. ಬಹಳಷ್ಟು ತೂಕ ವಾಪಸ್ ಬಂದಿತ್ತು. ಆದರೂ ಅವರ ದೇಹ ಅದೇ ಗಾತ್ರದ ಬೇರೆಯವರಿಗಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಸುಡುತ್ತಿತ್ತು. ನಮ್ಮ ಲೆಕ್ಕದಲ್ಲಿ ಎರಡು, ಎರಡೂವರೆ ಜೋಳದ ರೊಟ್ಟಿ. ಪಕ್ಕದವನು ಉಣ್ಣುವ ಎರಡು ರೊಟ್ಟಿಯನ್ನು ಇವನು ಆರು ವರ್ಷ ಕಳೆದ ಮೇಲೂ ಬಿಡಬೇಕು. ಅಷ್ಟು ಬಿಟ್ಟರೂ ತೂಕ ಇಳಿಯುವುದಿಲ್ಲ, ಇದ್ದಷ್ಟೇ ಇರುತ್ತದೆ.

ಹಾಗಾದರೆ ಅಜ್ಜಿಯ ಕಾಲದಲ್ಲಿ ಇಷ್ಟು ಜನ ದಪ್ಪ ಯಾಕಿರಲಿಲ್ಲ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹುಟ್ಟುಗುಣ ಮೂವತ್ತು ವರ್ಷದಲ್ಲಿ ಬದಲಾಗುವುದಿಲ್ಲ, ಊರು ಬದಲಾಗುತ್ತದೆ. ಅಜ್ಜಿ ಕೋಳಿ ಕೂಗುವ ಮುಂಚೆ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. ಮೊದಲು ಗಿರಣಿ ಬಂತು, ಆಮೇಲೆ ಹಿಟ್ಟಿನ ಪ್ಯಾಕೆಟ್ಟು, ಈಗ ಕಡಕ್ ರೊಟ್ಟಿಯೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಎಣ್ಣೆ ಆಗ ಚಮಚದಲ್ಲಿ, ಈಗ ಕ್ಯಾನಿನಲ್ಲಿ. ಸಂಜೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಒಂದು ಸುತ್ತು ಹೊಡೆದು ಬನ್ನಿ. ಮಿರ್ಚಿ ಭಜಿ ಎಣ್ಣೆಗೆ ಬೀಳುವ ಸದ್ದು, ಗಿರ್ಮಿಟ್ಟಿಗೆ ಹೆಚ್ಚುವ ಉಳ್ಳಾಗಡ್ಡಿಯ ವಾಸನೆ. ಹಸಿವು ಕಡಿಮೆ ಇರುವವನು ಮಾತಾಡುತ್ತಾ ದಾಟಿ ಹೋಗುತ್ತಾನೆ. ಅದನ್ನು ಅವನ ಸಂಯಮ ಅಂತ ಕರೆಯುತ್ತೇವೆ, ಅಲ್ವಾ?

ನಮ್ಮ ಮೈಗೆ ಇನ್ನೊಂದು ಗುಟ್ಟೂ ಇದೆ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಾವಿಬ್ಬರೂ ಒಟ್ಟಿಗೆ ನಿಂತ ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ತೆಳ್ಳಗೆ ಕಾಣುವ ನಮ್ಮವರ ಒಳಗೆ, ಅದೂ ಹೊಟ್ಟೆಯ ಸುತ್ತ, ಕೊಬ್ಬು ಜಾಸ್ತಿ. ಸಕ್ಕರೆ ಕಾಯಿಲೆ ಬೇಗ ಬರುವುದಕ್ಕೆ ಅದೂ ಒಂದು ಕಾರಣ. ಅದಕ್ಕೇ 2009ರಲ್ಲಿ ನಮ್ಮ ದೇಶದ ತಜ್ಞರು ಬೊಜ್ಜಿನ ಬಿಎಂಐ ಗೆರೆಯನ್ನು 30ರಿಂದ 25ಕ್ಕೆ ಇಳಿಸಿದರು. 165 ಸೆಂಟಿಮೀಟರ್ ಎತ್ತರದವರು 68 ಕೆಜಿ ದಾಟಿದರೆ ಆ ಲೆಕ್ಕದಲ್ಲಿ ಇಲ್ಲಿ ಬೊಜ್ಜು. ಲಂಡನ್ನಿನಲ್ಲಿ 82ರ ಹತ್ತಿರ ಹೋಗಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರಕ್ಕೆ 24 ಹೆಂಗಸರು 25ರ ಗೆರೆ ದಾಟಿದ್ದರು, ಸುಮಾರು 19 ಮಂದಿ ಇರಬೇಕಾದ್ದಕ್ಕಿಂತ ತೆಳ್ಳಗಿದ್ದರು. ಬೊಜ್ಜಿನಿಂದ ಸಕ್ಕರೆ, ಬಿಪಿ, ಮಂಡಿ ನೋವು ಬರುತ್ತವೆ. ಅದು ಸುಳ್ಳಲ್ಲ, ನನ್ನ ಮಂಡಿಯೇ ಹೇಳುತ್ತದೆ. ಆದರೆ ಫೋಟೋದಲ್ಲಿ ಯಾಜ್ಞಿಕರನ್ನು ನೋಡಿ ಯಾರೂ ಬಾಯಿ ಕಟ್ಟು ಅನ್ನುವುದಿಲ್ಲ.

ಅನ್ನುವುದು ಕಣ್ಣಿಗೆ ಕಾಣುವವರಿಗೆ. 1961ರಲ್ಲಿ ಅಮೆರಿಕದ ಹತ್ತು-ಹನ್ನೊಂದು ವರ್ಷದ ಮಕ್ಕಳಿಗೆ ಆರು ಚಿತ್ರ ಕೊಟ್ಟು, ಯಾರು ಇಷ್ಟ ಅಂತ ಸಾಲಾಗಿ ಜೋಡಿಸಲು ಹೇಳಿದರು. ಕೈ ಇಲ್ಲದ ಮಗು, ಗಾಲಿಕುರ್ಚಿಯ ಮಗು ಎಲ್ಲರಿಗಿಂತ ಕೊನೆಗೆ ಹೋದದ್ದು ದಪ್ಪ ಮಗು. 2003ರಲ್ಲಿ ವರದಿಯಾದ ಮರುಪರೀಕ್ಷೆಯಲ್ಲಿ ದಪ್ಪ ಮಗುವನ್ನು ದೂರ ಇಡುವುದು ಇನ್ನೂ ಹೆಚ್ಚಾಗಿತ್ತು. ನಮ್ಮ ಸಾಲಿಯಲ್ಲಿ ಚಿತ್ರ ಬೇಕಿರಲಿಲ್ಲ, ಡುಮ್ಮ, ಆನಿಮರಿ ಅನ್ನುವ ಹೆಸರುಗಳಿದ್ದವು. ಒಂದೇ ಲಾಭ ಅಂದರೆ ಗ್ಯಾದರಿಂಗಿನಲ್ಲಿ ಮೂರು ವರ್ಷ ನಾನೇ ಗಣಪ. ಹೊಟ್ಟೆಗೆ ದಿಂಬು ಕಟ್ಟುವ ಕೆಲಸ ಮಾಸ್ತರಿಗೆ ಉಳಿಯುತ್ತಿತ್ತು. ಹುಡುಗಿಯರಿಗೆ ಅದೂ ಇಲ್ಲ. ಕನ್ಯಾ ನೋಡಲು ಬಂದವರು ಚಹಾ ಕುಡಿದು, ಅವಲಕ್ಕಿ ಖಾಲಿ ಮಾಡಿ, “ಹುಡುಗಿ ಛಲೋ ಅದಾಳ್ರಿ, ಸ್ವಲ್ಪ ಮೈ ಜಾಸ್ತಿ” ಅಂತ ಚಪ್ಪಲಿ ಮೆಟ್ಟುತ್ತಾರೆ.

ಈಗ ತೂಕ ಇಳಿಸುವ ಸೂಜಿ ಬಂದಿದೆ. ಊಟವಾದ ಮೇಲೆ ಕರುಳು ಬಿಡುಗಡೆ ಮಾಡುವ ಒಂದು ಹಾರ್ಮೋನಿನ ನಕಲು. ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಮಿದುಳಿಗೆ ‘ಸಾಕು’ ಅನ್ನುವ ಸುದ್ದಿ ಮುಟ್ಟುತ್ತದೆ. ಈ ಜಾತಿಯ ಮೊದಲ ಔಷಧ ಹುಟ್ಟಿದ್ದು ಅಮೆರಿಕದ ಮರುಭೂಮಿಯ ಉಡದಂಥ ಒಂದು ಪ್ರಾಣಿಯ ವಿಷದ ಜೊಲ್ಲಿನಿಂದ. 2021ರ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ ಅನ್ನುವ ಇದೇ ಜಾತಿಯ ಔಷಧ ತೆಗೆದುಕೊಂಡವರು 68 ವಾರದಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಕಳೆದುಕೊಂಡರು. ಬಿಟ್ಟ ಒಂದು ವರ್ಷದಲ್ಲಿ ಅದರ ಮೂರನೇ ಎರಡು ಪಾಲು ವಾಪಸ್ ಬಂತು. ಮನುಷ್ಯ ಅವನೇ, ಮನಸ್ಸೂ ಅದೇ. ಬದಲಾದದ್ದು ಹಸಿವು ಮಾತ್ರ. ನಮ್ಮ ದೇಶಕ್ಕೆ ತೂಕದ ಲೆಕ್ಕದಲ್ಲಿ ಇವು ಬಂದದ್ದು 2025ರಲ್ಲಿ, ಮಾರ್ಚಿನಲ್ಲಿ ಮೌಂಜಾರೊ ಅನ್ನುವ ಇದೇ ಬಗೆಯ ಇನ್ನೊಂದು ಔಷಧ, ಜೂನಿನಲ್ಲಿ ವೆಗೋವಿ ಅನ್ನುವ ಹೆಸರಿನಲ್ಲಿ ಸೆಮಾಗ್ಲುಟೈಡ್. ಆಗ ತಿಂಗಳಿಗೆ ಸಾವಿರಾರು ರೂಪಾಯಿ. ವಾಕರಿಕೆ, ವಾಂತಿ ಕೆಲವರಿಗೆ ತಪ್ಪುವುದಿಲ್ಲ.

ಮೊನ್ನೆ ಗದಗಿನಲ್ಲಿ ಒಂದು ಮದುವೆ. ಬಳಗದ ಒಬ್ಬ ಅಕ್ಕ ಬಂದಿದ್ದಳು, ಗುರುತು ಹಿಡಿಯಲು ಎರಡು ನಿಮಿಷ ಬೇಕಾಯಿತು. 14 ಕೆಜಿ ಇಳಿದಿದ್ದಾಳೆ. ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೂತವರು ಬಗ್ಗಿ ಕೇಳಿದರು, “ಆಕೀಗೆ ಶುಗರ್ ಏನರ ಆಗೇತೇನು?” ಇಲ್ಲ, ಡಾಕ್ಟರ ಸಲಹೆ ಮೇಲೆ ಇಂಜೆಕ್ಷನ್ ತಗೋತಾಳಂತ ಅಂದೆ. ಅವರು ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಂಡರು. “ಹಂಗಾರ ಅದೇನ್ ದೊಡ್ಡದ ಬಿಡ್ರಿ. ಸೂಜಿ ಚುಚ್ಚಿಸ್ಕೊಂಡ್ರ ಯಾರೂ ಇಳೀತಾರ. ಬಾಯಿ ಕಟ್ಟಿ ಇಳಸ್ಬೇಕಿತ್ತು.”