ಇಪ್ಪತ್ತೈದು ಮೆಗಾವಾಟ್‌ನ ಜರಡಿ

ಯೋಜನೆಯೊಂದು ಪರಿಸರಕ್ಕೆ ಏನು ಮಾಡೀತು ಎಂದು ಮೊದಲೇ ಅಳೆಯುವ ಪರಿಸರ ಪರಿಣಾಮ ಮೌಲ್ಯಮಾಪನ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅಹವಾಲು ಸಭೆಯ ಶಾಮಿಯಾನ, ಮೈಕು, ಕೂಗಾಟ. ಸಭೆ ನೆಟ್ಟಗೆ ನಡೆದರೆ ಹೊಳೆ ಉಳಿಯಿತು, ಇಲ್ಲವಾದರೆ ಹೋಯಿತು ಎಂಬ ನಂಬಿಕೆ ತಿಳಿದವರಲ್ಲೂ ಇದೆ. ನನಗೆ ಇದನ್ನು ಕೇಳಿದಾಗಲೆಲ್ಲ ತಾಳ್ಮೆ ತಪ್ಪುತ್ತದೆ. ಎಷ್ಟೋ ಯೋಜನೆಗಳು ಆ ಶಾಮಿಯಾನದವರೆಗೆ ಬರುವುದೇ ಇಲ್ಲ. ಯಾವುದಕ್ಕೆ ಮೌಲ್ಯಮಾಪನ ಬೇಕು, ಯಾವುದಕ್ಕೆ ಬೇಡ ಎಂಬ ನೀರಸ ಪಟ್ಟಿಯೊಂದು ಮೊದಲೇ ಅವುಗಳ ಹಣೆಬರಹ ಬರೆದಿರುತ್ತದೆ. ದಕ್ಷಿಣ ಏಷ್ಯಾದ ಕಾನೂನುಗಳನ್ನು ಹೋಲಿಸುವವರು ಆ ಪಟ್ಟಿಯಿಂದಲೇ ಶುರುಮಾಡಬೇಕು.

ಈ ಮೌಲ್ಯಮಾಪನದ ಬಗೆಗಿನ ಭಾರತದ 2006ರ ಅಧಿಸೂಚನೆಯ ಪ್ರಕಾರ 25 ಮೆಗಾವಾಟ್‌ಗಿಂತ ಚಿಕ್ಕ ಜಲವಿದ್ಯುತ್ ಯೋಜನೆ ಪಟ್ಟಿಯಲ್ಲೇ ಇಲ್ಲ. ಪಶ್ಚಿಮಘಟ್ಟದ ಹೊಳೆಗಳ ಮೇಲೆ 24 ಚಿಲ್ಲರೆ ಮೆಗಾವಾಟ್‌ನ ಯೋಜನೆಗಳು ಕಾಣಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ? (ಅರಣ್ಯಭೂಮಿ ಬೇಕಾದರೆ ಪಡೆಯಬೇಕಾದ ಅನುಮತಿ ಬೇರೆ, ಆ ಕಥೆ ಇಲ್ಲಿ ಬೇಡ.)

ಮೆಗಾವಾಟ್ ಎಂಬುದು ಹೊಳೆಯ ಅಳತೆಯಲ್ಲ, ಯಂತ್ರದ ಅಳತೆ. ವಿದ್ಯುತ್ ಎಷ್ಟು ಎಂಬುದನ್ನು ನಿರ್ಧರಿಸುವುದು ನೀರಿನ ಪ್ರಮಾಣ ಮತ್ತು ಅದು ಬೀಳುವ ಎತ್ತರ, ಇವೆರಡರ ಗುಣಲಬ್ಧ. 30 ಮೀಟರ್ ಎತ್ತರದಿಂದ 25 ಮೆಗಾವಾಟ್ ಬೇಕಾದರೆ ಸೆಕೆಂಡಿಗೆ ಸುಮಾರು 100 ಘನಮೀಟರ್ ನೀರು ಬೇಕು. 300 ಮೀಟರ್ ಎತ್ತರವಿದ್ದರೆ 10 ಘನಮೀಟರ್ ಸಾಕು. ಆದರೆ ಆ 300 ಮೀಟರ್ ಇಳಿಜಾರು ಸಿಗಬೇಕಾದರೆ ಮೇಲೆ ಒಡ್ಡು ಕಟ್ಟಿ, ನೀರನ್ನು ಸುರಂಗಕ್ಕೋ ಕೊಳವೆಗೋ ತಿರುಗಿಸಿ, ಎಷ್ಟೋ ಕೆಳಗೆ ಮತ್ತೆ ಹೊಳೆಗೆ ಬಿಡಬೇಕು. ನಡುವಿನ ಹಾದಿಯಲ್ಲಿ ಬೇಸಗೆಯಲ್ಲಿ ಉಳಿಯುವುದು ಬಂಡೆ ಮಾತ್ರ. ಅಂದರೆ ಘಟ್ಟದ ಸಣ್ಣ ಹೊಳೆಯೇ ಈ ಲೆಕ್ಕದಲ್ಲಿ ಹೆಚ್ಚು ಸೋಲುತ್ತದೆ. ಕಾಫಿ ಕ್ಯೂರಿಂಗ್‌ನಲ್ಲಿ ಜರಡಿ ಬೀಜದ ಗಾತ್ರವನ್ನಷ್ಟೇ ವಿಂಗಡಿಸುತ್ತದೆ. ಕಪ್ಪು ಬೀಜ ಹೆಕ್ಕಲು ಬೇರೆ ಕಣ್ಣು ಬೇಕು. ಇನ್ನೂ ಸರಳವಾಗಿ ಹೇಳುವುದಾದರೆ, ನಲವತ್ತು ಕೆಜಿ ಮೇಲಿನವರನ್ನು ಮಾತ್ರ ವೈದ್ಯರು ನೋಡುತ್ತಾರೆ ಎಂದು ಆಸ್ಪತ್ರೆಯ ಬಾಗಿಲಲ್ಲಿ ತೂಕದ ಯಂತ್ರ ಇಟ್ಟ ಹಾಗೆ. ಜ್ವರ ಬಂದ ಮಗು ಹೊರಗೇ ಉಳಿಯುತ್ತದೆ.

ಪಾಕಿಸ್ತಾನದ 2000ರ ನಿಯಮಗಳೂ ಮೆಗಾವಾಟನ್ನೇ ನೆಚ್ಚಿದವು. ಆದರೆ 50ಕ್ಕಿಂತ ಮೇಲಿನದಕ್ಕೆ ಪೂರ್ಣ ಮೌಲ್ಯಮಾಪನ, ಕೆಳಗಿನದಕ್ಕೆ ಪ್ರಾಥಮಿಕ ಪರಿಶೀಲನೆ ಎಂದು ವಿಧಿಸಿ ಚಿಕ್ಕವನ್ನೂ ಒಳಗೆ ಕರೆದುಕೊಂಡವು. ಬಾಂಗ್ಲಾದೇಶ 1997ರಲ್ಲಿ ಉದ್ಯಮಗಳನ್ನು ಪರಿಸರಕ್ಕೆ ಆಗಬಹುದಾದ ಹಾನಿಗೆ ತಕ್ಕಂತೆ ಹಸಿರು, ಕಿತ್ತಳೆ, ಕೆಂಪು ಎಂದು ಬಣ್ಣದಿಂದ ಗುರುತಿಸಿತು. ಕಿತ್ತಳೆಯನ್ನು ಮತ್ತೆ ಎರಡಾಗಿ ಒಡೆಯಿತು.

ನನಗೆ ಮೆಚ್ಚುಗೆಯಾದದ್ದು ಶ್ರೀಲಂಕಾದ 1993ರ ಗೆಜೆಟ್. ಅಲ್ಲೂ ಜಲವಿದ್ಯುತ್ತಿಗೆ 50 ಮೆಗಾವಾಟ್ ಎಂಬ ಗೆರೆ ಇದೆ. ಆದರೆ ಪಟ್ಟಿಯಲ್ಲಿ ಹೆಸರಿಸಿದ ಬಗೆಯ ಯೋಜನೆ ಮೀಸಲು ಅರಣ್ಯದ ಒಳಗೋ ಅದರ ಅಂಚಿನಿಂದ 100 ಮೀಟರ್ ಒಳಗೋ ಬಂದರೆ ಗಾತ್ರದ ಮಾತೇ ಇಲ್ಲ, ಪರಿಶೀಲನೆ ಆಗಲೇಬೇಕು. ಎಷ್ಟು ದೊಡ್ಡದು ಎಂಬುದರ ಜತೆಗೆ ಎಲ್ಲಿದೆ ಎಂದೂ ಕೇಳುವ ಕಾನೂನು ಇದು. ಭಾರತದಲ್ಲೂ ಅಭಯಾರಣ್ಯದ ಸಾಮೀಪ್ಯಕ್ಕೆ ಬೆಲೆಯಿದೆ, ಆದರೆ ಅದು ಪಟ್ಟಿಯಲ್ಲಿರುವ ಯೋಜನೆಯನ್ನು ರಾಜ್ಯ ಮಟ್ಟದಲ್ಲಿ ಪರಿಶೀಲನೆಯಾಗುವ ‘ಬಿ’ಯಿಂದ ಕೇಂದ್ರ ಪರಿಶೀಲಿಸುವ ‘ಎ’ ವರ್ಗಕ್ಕೆ ಏರಿಸುತ್ತದೆ, ಅಷ್ಟೇ. ಜರಡಿಯ ಕಣ್ಣಿನಿಂದ ಆಗಲೇ ಕೆಳಗೆ ಉದುರಿದ್ದನ್ನು ಮೇಲೆತ್ತುವುದಿಲ್ಲ.

ಹಾಗೆಂದು ಶ್ರೀಲಂಕಾ ಸ್ವರ್ಗವಲ್ಲ. ಸಿಂಹರಾಜ ಮಳೆಕಾಡಿನ ಸುತ್ತಲಿನ ಹೊಳೆಗಳಲ್ಲೂ ಕಿರು ಜಲವಿದ್ಯುತ್ತಿನ ಜಗಳ ಎದ್ದಿದೆ. ಆದರೂ ಆ ನೆಲದ ನೆನಪು ಉದ್ದ. ಡ್ಯಾನ್ಯೂಬ್ ನದಿಯ ಅಣೆಕಟ್ಟುಗಳ ಬಗ್ಗೆ ಹಂಗೆರಿ ಮತ್ತು ಸ್ಲೊವಾಕಿಯಾ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದಿದ್ದ ವ್ಯಾಜ್ಯದ ತೀರ್ಪು 1997ರಲ್ಲಿ ಬಂದಾಗ, ಶ್ರೀಲಂಕಾದ ನ್ಯಾಯಮೂರ್ತಿ ಸಿ. ಜಿ. ವೀರಮಂತ್ರಿ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಯುರೋಪಿನ ನದಿಯ ನಡುವೆ ತಮ್ಮ ದ್ವೀಪದ ಪುರಾತನ ಕೆರೆಗಳನ್ನು ತಂದರು. ನೆಲಕ್ಕೆ ನೀನು ಒಡೆಯನಲ್ಲ, ಕಾವಲುಗಾರ ಮಾತ್ರ ಎಂದು, ಶ್ರೀಲಂಕಾಕ್ಕೆ ಬೌದ್ಧಧರ್ಮ ತಂದ ಮಹಿಂದ ಭಿಕ್ಷು ಅಲ್ಲಿನ ರಾಜನಿಗೆ ಹೇಳಿದ್ದನ್ನೂ ನೆನಪಿಸಿದರು. ಜತೆಗೆ, ಮೌಲ್ಯಮಾಪನವು ಅನುಮತಿ ಕೊಟ್ಟ ದಿನಕ್ಕೆ ಮುಗಿಯಬಾರದು, ಯೋಜನೆ ನಡೆಯುವಷ್ಟು ಕಾಲವೂ ನಡೆಯಬೇಕು ಎಂದರು.