ಮಕ್ಕಳ ಮನೆಯ ಆಡಳಿತ ಮಂಡಳಿ: ಹೆಸರು ಕೊಟ್ಟರೆ ಸಾಲದು

ನಮ್ಮ ಕಾಸರಗೋಡಿನ ಕಡೆ ಸಂಸ್ಥೆಗಳ ಆಡಳಿತ ಮಂಡಳಿಗೆ ಸದಸ್ಯರು ಸೇರುವುದು ಹೆಚ್ಚಾಗಿ ಒಂದು ಫೋನಿನಲ್ಲಿ. "ಮಾಷ್ಟ್ರೇ, ನಿಮ್ಮ ಹೆಸರೊಂದು ಹಾಕಿದ್ದೇವೆ. ಬೇಡ ಅನ್ನಬೇಡಿ. ಕೆಲಸ ಏನೂ ಇಲ್ಲ, ವರ್ಷಕ್ಕೆ ಎರಡು ಮೀಟಿಂಗ್ ಅಷ್ಟೆ." ನಿವೃತ್ತ ಹೆಡ್ಮಾಷ್ಟ್ರು, ಬ್ಯಾಂಕಿನಿಂದ ರಿಟೈರ್ ಆದವರು, ದೇವಸ್ಥಾನದ ಮೊಕ್ತೇಸರರು, ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದವರು, ಒಬ್ಬ ಡಾಕ್ಟ್ರು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಎಲ್ಲಿಯ ಪಟ್ಟಿ ತೆಗೆದರೂ ಹೆಚ್ಚುಕಮ್ಮಿ ಇದೇ ಮುಖಗಳು. ಯಕ್ಷಗಾನ ಸಂಘಕ್ಕೋ ವಾಚನಾಲಯಕ್ಕೋ ಇದು ನಡೆಯುತ್ತದೆ. ಮಕ್ಕಳನ್ನು ಇಟ್ಟುಕೊಂಡು ಸಾಕುವ ಸಂಸ್ಥೆಗೆ ನಡೆಯುವುದಿಲ್ಲ.

ಸಮಾಜಕಾರ್ಯ ನನ್ನ ವೃತ್ತಿ. ಮಕ್ಕಳ ಮನೆಗಳ ಫೈಲು ನೋಡುತ್ತೇನೆ, ಸಿಬ್ಬಂದಿಗೆ ತರಬೇತಿ ಕೊಡುತ್ತೇನೆ. ಈಚೆಗೆ ಆಡಳಿತ ಮಂಡಳಿಯವರ ಜೊತೆ ಕೂತು ಮಾತಾಡುವ ಕೆಲಸವೂ ಜಾಸ್ತಿಯಾಗಿದೆ. ಅದೇ ಕಷ್ಟದ್ದು. ಸಿಬ್ಬಂದಿ ಕಲಿಯಲು ಬಂದಿರುತ್ತಾರೆ. ಮಂಡಳಿಯವರು ಆಶೀರ್ವಾದ ಮಾಡಲು ಬಂದಿರುತ್ತಾರೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಣಿ ಆಗಬೇಕು. ನೋಂದಣಿ 5 ವರ್ಷಕ್ಕೆ, ಆಮೇಲೆ ನವೀಕರಣ. "ನಮ್ಮದು ಮಕ್ಕಳ ಮನೆ ಅಲ್ಲ, ಬರೀ ಹಾಸ್ಟೆಲ್" ಎಂದು ಹೇಳುವವರು ಇದ್ದಾರೆ. ಅಂಥ ಮಕ್ಕಳಿಗಾಗಿ ಪೂರ್ತಿಯಾಗಿ ಅಥವಾ ಭಾಗಶಃ ಇರುವ ಸಂಸ್ಥೆ ಎಂದೇ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಅಂಥ ಮಕ್ಕಳು ನಾಲ್ಕೇ ಜನ ಇದ್ದರೂ ಬೋರ್ಡಿನಲ್ಲಿ ಬರೆದ ಹೆಸರು ನಿಮ್ಮನ್ನು ಕಾಪಾಡುವುದಿಲ್ಲ. ನೋಂದಣಿ ಇಲ್ಲದೆ ನಡೆಸಿದರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಮಗುವಿನ ಮೇಲಿನ ಕ್ರೌರ್ಯದ ಕಲಮು 75. ಅಲ್ಲಿ ಸಂಸ್ಥೆಯ ನೌಕರರನ್ನೂ ಸಂಸ್ಥೆ ನಡೆಸುವವರನ್ನೂ ಒಟ್ಟಿಗೇ ಹೇಳಿದೆ. 5 ವರ್ಷದವರೆಗೆ ಕಠಿಣ ಶಿಕ್ಷೆ, 5 ಲಕ್ಷದವರೆಗೆ ದಂಡ.

ಇನ್ನೊಂದನ್ನು ನಾನು ಪ್ರತಿ ಸಭೆಯಲ್ಲೂ ಓದಿ ಹೇಳುತ್ತೇನೆ. ಪೋಕ್ಸೊ ಕಾಯ್ದೆಯ ಕಲಮು 21. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರಿಗೆ 6 ತಿಂಗಳವರೆಗೆ ಶಿಕ್ಷೆ. ಅದೇ ತಮ್ಮ ಕೈಕೆಳಗಿನ ನೌಕರನ ವಿಷಯವನ್ನು ಸಂಸ್ಥೆಯ ಹೊಣೆ ಹೊತ್ತವರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಇದನ್ನು ಓದುವಾಗ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಆಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ನಾವೇ ಒಂದು ಒಳಗಿನ ವಿಚಾರಣೆ ಮಾಡಿ, ನಿಜ ಅಂತ ಖಾತ್ರಿ ಆದಮೇಲೆ ಹೇಳಿದರೆ ಸಾಕಲ್ವಾ?" ಸಾಲದು. ನಿಜವೋ ಸುಳ್ಳೋ ನೋಡುವುದು ಪೊಲೀಸರ ಕೆಲಸ. ಊರಿನ ಮರ್ಯಾದೆ, ಸಂಸ್ಥೆಯ ಹೆಸರು ಎಂದು ನಾಲ್ಕು ದಿನ ಕೂತು ಮಾತಾಡಿದರೆ, ಆ ನಾಲ್ಕು ದಿನವೂ ಮಗು ಅದೇ ಮನುಷ್ಯನ ಕಣ್ಣೆದುರಿಗೇ ಇರುತ್ತದೆ.

ಇಲ್ಲಿ ಎರಡು ಸಮಿತಿಗಳನ್ನು ಬೆರೆಸಿಬಿಡುವ ಅಭ್ಯಾಸ ತುಂಬಾ ಇದೆ. ಸಂಸ್ಥೆಯನ್ನು ನಡೆಸುವ ಸೊಸೈಟಿಯ ಆಡಳಿತ ಮಂಡಳಿ ಬೇರೆ. ಬಾಲನ್ಯಾಯ ಕಾಯ್ದೆ ಹೇಳುವ ನಿರ್ವಹಣಾ ಸಮಿತಿ ಬೇರೆ. ಕೇಂದ್ರದ 2016ರ ಮಾದರಿ ನಿಯಮದಲ್ಲಿ ಈ ಎರಡನೆಯದರ ಅಧ್ಯಕ್ಷರು ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ, ನಿಮ್ಮ ಅಧ್ಯಕ್ಷರಲ್ಲ. ಸೂಪರಿಂಟೆಂಡೆಂಟ್ ಸದಸ್ಯ ಕಾರ್ಯದರ್ಶಿ. ವೈದ್ಯರು, ಆಪ್ತ ಸಮಾಲೋಚಕರು, ಶಿಕ್ಷಕರ ಜೊತೆಗೆ ಮಕ್ಕಳ ಪ್ರತಿನಿಧಿಗಳೂ ಇರಬೇಕು. ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. "ನಮ್ಮ ಮಂಡಳಿ ಸೇರಿದೆಯಲ್ಲ, ಅದರ ನಡಾವಳಿ ಇದೆಯಲ್ಲ" ಎಂದು ಅದೇ ಪುಸ್ತಕವನ್ನು ತಪಾಸಣೆಗೆ ಬಂದವರ ಮುಂದೆ ಇಡುವುದನ್ನು ನೋಡಿದ್ದೇನೆ. ಬಂದವರು ಒಂದು ಪುಟ ತಿರುಗಿಸಿದರೆ ಸಾಕು, ಗೊತ್ತಾಗುತ್ತದೆ.

ಸಲಹಾ ಪೆಟ್ಟಿಗೆಯ ಕಥೆಯೂ ಹಾಗೆಯೇ. ನಿಯಮದ ಪ್ರಕಾರ ಅದು ಆಫೀಸಿನಿಂದ ದೂರ, ಮಕ್ಕಳು ಮಲಗುವ ಕಡೆಗೆ ಹತ್ತಿರ ಇರಬೇಕು. ಕೀಲಿ ನಿರ್ವಹಣಾ ಸಮಿತಿಯ ಅಧ್ಯಕ್ಷರ ಹತ್ತಿರ. ವಾರಕ್ಕೊಮ್ಮೆ, ಸಂಸ್ಥೆಯ ಮಕ್ಕಳೇ ಇರುವ ಮಕ್ಕಳ ಸಮಿತಿಯ ಎದುರಿಗೇ ತೆರೆಯಬೇಕು. ನಾನು ಕಂಡ ಎಷ್ಟೋ ಪೆಟ್ಟಿಗೆಗಳು ಆಫೀಸಿನ ಬಾಗಿಲ ಪಕ್ಕದಲ್ಲೇ ಇದ್ದವು, ಕೀಲಿ ವಾರ್ಡನ್ನರ ಸೊಂಟದಲ್ಲಿ. ವಾರ್ಡನ್ನರ ಮೇಲೆಯೇ ದೂರು ಇದ್ದರೆ ಮಗು ಚೀಟಿ ಎಲ್ಲಿ ಹಾಕಬೇಕು? ಮಂಡಳಿಯ ಸದಸ್ಯರು ಹೋದಾಗ ಗೋಡೆಯ ಬಣ್ಣ, ಹೊಸ ಟೈಲ್ಸ್ ನೋಡುತ್ತಾರೆ. ಪೆಟ್ಟಿಗೆ ಎಲ್ಲಿದೆ, ಕೊನೆಗೆ ತೆರೆದದ್ದು ಯಾವಾಗ ಅಂತ ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಕೇಳುವುದು ಅಂದರೆ ಅಧಿಕಾರ ಚಲಾಯಿಸುವುದಲ್ಲ. ಅಡುಗೆಯವಳ ರಜೆ, ಸಾಂಬಾರಿನ ಬೇಳೆ, ಯಾವ ಮಗು ಯಾವ ಕೋಣೆಯಲ್ಲಿ ಮಲಗಬೇಕು ಎಂಬುದರಲ್ಲೆಲ್ಲ ಕೈ ಹಾಕುವ ಸದಸ್ಯರೂ ಇದ್ದಾರೆ. ಅಂಥಲ್ಲಿ ಒಳ್ಳೆಯ ಸೂಪರಿಂಟೆಂಡೆಂಟ್ ಹೆಚ್ಚು ದಿನ ಉಳಿಯುವುದಿಲ್ಲ. ಆ ಹುದ್ದೆಯಲ್ಲಿ ಇರುವವರು ರಾತ್ರಿ ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು, ಬೆಳಿಗ್ಗೆ ವಿದ್ಯಾನಗರದ ಜಿಲ್ಲಾ ಕಚೇರಿಗೆ ವರದಿ ಕೊಡಬೇಕು, ಮಧ್ಯಾಹ್ನ ದಾನಿಗಳಿಗೆ ನಗುಮುಖ ತೋರಿಸಬೇಕು. ಸಂಬಳ ಮಾತ್ರ ಹೇಳಿಕೊಳ್ಳುವ ಹಾಗಿರುವುದಿಲ್ಲ. ಅವರಿಗೆ ವಾರದ ರಜೆ ಸಿಗುತ್ತಿದೆಯೇ, ಅವರಿಲ್ಲದ ದಿನ ಯಾರ ಕೈಯಲ್ಲಿ ಕೀಲಿ ಎಂದು ನೋಡುವುದು ಮಂಡಳಿಯ ನಿಜವಾದ ಕೆಲಸ. ಬೇಳೆಯ ಲೆಕ್ಕ ಅಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಬೇರೆ ಕಡೆಯವರಿಗೆ ಇದು ಅಷ್ಟಾಗಿ ಅರ್ಥವಾಗುವುದಿಲ್ಲ. ಮಗು ಎಲ್ಲಿರಬೇಕು ಎಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಮಲಯಾಳದಲ್ಲಿ ಬರುತ್ತದೆ. ಲೆಕ್ಕಪತ್ರ ಇಂಗ್ಲಿಷಿನಲ್ಲಿ. ಮಂಡಳಿಯ ನಡಾವಳಿ ಕನ್ನಡದಲ್ಲಿ. ಮಗು ಮಾತಾಡುವುದು ತುಳುವಿನಲ್ಲೋ ಬ್ಯಾರಿಯಲ್ಲೋ ಮರಾಟಿಯಲ್ಲೋ. ಸದಸ್ಯರಲ್ಲಿ ಅರ್ಧದಷ್ಟು ಜನ ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತ ಹಿರಿಯರಿಗೆ ಅದು ಸಹಜ. ಆದರೆ ಸಭೆಯಲ್ಲಿ ಆಗುವುದೇನು? ಚಹಾ, ಬಾಳೆಹಣ್ಣಿನ ಪೋಡಿ ಬರುವ ಹೊತ್ತಿಗೆ ಪುಸ್ತಕ ಕೈಯಿಂದ ಕೈಗೆ ದಾಟುತ್ತದೆ. ಕಾರ್ಯದರ್ಶಿ ಬೆರಳಿಟ್ಟು ತೋರಿಸುತ್ತಾರೆ, "ಇಲ್ಲಿ ಒಂದು ಸಹಿ, ಇಲ್ಲಿ ಇನ್ನೊಂದು." ಆ ಕಾಗದದಲ್ಲಿ ಏನಿದೆ ಎಂದು ಕೇಳಿದರೆ ಅವಿಶ್ವಾಸ ತೋರಿಸಿದ ಹಾಗೆ ಎಂಬ ದಾಕ್ಷಿಣ್ಯ. ದಾಕ್ಷಿಣ್ಯ ಮದುವೆ ಮನೆಯಲ್ಲಿರಲಿ.

1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಅದನ್ನು ಕೇಳಲೇಬೇಕು. ನಾನೂ ಕೇಳುತ್ತೇನೆ. ಆದರೆ ಮಗುವಿನ ಆದೇಶದ ವಿಷಯದಲ್ಲಿ ಕನ್ನಡ ಪ್ರತಿ ಬರಲಿ ಅಂತ ಕಾಯುತ್ತಾ ಕೂರುವ ಹಾಗಿಲ್ಲ. ಎರಡೂ ಭಾಷೆ ಓದಬಲ್ಲ ಸಿಬ್ಬಂದಿಯೊಬ್ಬರು ಸಭೆಯಲ್ಲಿ ಆದೇಶವನ್ನು ಕನ್ನಡದಲ್ಲಿ ಓದಿ ಹೇಳಲಿ, ಅದರ ಸಾರ ನಡಾವಳಿಗೆ ಸೇರಲಿ. ಖರ್ಚಿಲ್ಲದ ಕೆಲಸ ಇದು. ಮಗುವಿನ ಭಾಷೆಯ ವಿಷಯಕ್ಕೂ ಕಾನೂನು ಗಮನ ಕೊಟ್ಟಿದೆ. ಪೋಕ್ಸೊ ದೂರು ಬರೆದುಕೊಳ್ಳುವಾಗ ಮಗುವಿಗೆ ಅರ್ಥವಾಗದ ಭಾಷೆಯಾದರೆ ಭಾಷಾಂತರಕಾರರನ್ನು ಒದಗಿಸಬೇಕು. ತುಳು ಮಾತಾಡುವ ಮಗುವಿನ ಮಾತನ್ನು ಮಲಯಾಳದಲ್ಲಿ ಬರೆದುಕೊಂಡರೆ ಎಷ್ಟು ಉದುರಿಹೋಗುತ್ತದೆ ಎಂದು ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಒಂದು ಫೈಲು ನೋಡೋಣ. ಗುರುತು ಸಿಗದ ಹಾಗೆ ಹೇಳುತ್ತೇನೆ. ಒಬ್ಬ ಹುಡುಗಿ. ತಂದೆ ಇಲ್ಲ. ತಾಯಿ ಬೀಡಿ ಕಟ್ಟುತ್ತಾರೆ. ಫೈಲಿನಲ್ಲಿ ಆದೇಶ ಇದೆ, ಶಾಲೆಯ ಟಿಸಿ ಇದೆ, ಲಸಿಕೆಯ ಕಾರ್ಡು ಇದೆ. ವೈಯಕ್ತಿಕ ಪಾಲನಾ ಯೋಜನೆಯ ಪ್ರಗತಿ ವರದಿಯನ್ನು ಮೊದಲ 3 ತಿಂಗಳು 15 ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬರೆಯಬೇಕು. ಬರೆದಿದ್ದಾರೆ. ಎಲ್ಲದರಲ್ಲೂ ಒಂದೇ ವಾಕ್ಯ: "ಮಗು ಚೆನ್ನಾಗಿ ಹೊಂದಿಕೊಂಡಿದ್ದಾಳೆ." ಒಂದೇ ಪೆನ್ನು, ಒಂದೇ ಕೈಬರಹ. ನೋಡಿದರೆ ಒಂದೇ ಸಂಜೆ ಕೂತು ಬರೆದದ್ದು ಅಂತ ಗೊತ್ತಾಗುತ್ತದೆ. ಮಗು ಇಲ್ಲಿ ಯಾಕಿದ್ದಾಳೆ ಎಂಬ ಪ್ರಶ್ನೆಗೆ ಮಾತ್ರ ಫೈಲಿನಲ್ಲಿ ಉತ್ತರ ಇಲ್ಲ. ವಾರ್ಡನ್ನರನ್ನು ಕೇಳಿದೆ. ಒಂದು ಮಳೆಗಾಲದಲ್ಲಿ ಮನೆಯ ಮಾಡು ಬಿತ್ತು. ತಾಯಿ ಅಕ್ಕನ ಮನೆಗೆ ಹೋದರು. ಅಲ್ಲಿ ಜಾಗ ಇರಲಿಲ್ಲ. ಅಷ್ಟೆ. ಮಾಡಿನ ರಿಪೇರಿಯೂ ಆಗಿದೆಯಂತೆ. ಹುಡುಗಿ ಮಾತ್ರ ಇಲ್ಲೇ.

ಇಲ್ಲಿ ಕಾನೂನಿನ ತಿರುಳು ಇದೆ. ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿ, ಮಗು ಬೆಳೆಯಬೇಕಾದದ್ದು ಕುಟುಂಬದಲ್ಲಿ. ಅದಕ್ಕೆ ಹಣವೂ ಇದೆ. ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ, ಅಂದರೆ ಮನೆಯಲ್ಲೇ ಬೆಳೆಯಲು ಕೊಡುವ ನೆರವಿನಲ್ಲಿ, ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ದಾಟಿರಬಾರದು. ತೀರ್ಮಾನಿಸುವ ಸಮಿತಿ ಜಿಲ್ಲೆಯಲ್ಲೇ ಇದೆ. ಬೀಡಿ ಕಟ್ಟುವ ತಾಯಿಗೆ 4,000 ಎಂದರೆ ಸಣ್ಣ ಮೊತ್ತವಲ್ಲ. ಆ ಹುಡುಗಿ ಮನೆಗೆ ಹೋದಳೇ ಎಂದು ಕೇಳಬೇಡಿ. ಅರ್ಜಿ ಹೋಗಿದೆ.

ಆದರೆ ಮಂಡಳಿಯ ಸಭೆಯಲ್ಲಿ ಹೆಮ್ಮೆಯಿಂದ ಹೇಳುವುದು ಇದಕ್ಕೆ ಉಲ್ಟಾ. "ಈ ವರ್ಷ ನಮ್ಮಲ್ಲಿ ಸೀಟು ಫುಲ್." ಮಕ್ಕಳು ಹೆಚ್ಚಿದ್ದರೆ ದಾನ ಹೆಚ್ಚು, ಹೊಸ ಕಟ್ಟಡಕ್ಕೆ ಕಾರಣವೂ ಸಿಗುತ್ತದೆ. ನನ್ನ ಕೈಯಲ್ಲಿದ್ದರೆ ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಎಷ್ಟು ಮಕ್ಕಳು ಮನೆಗೆ ಹೋದರು ಎಂದು ಹಾಕಿಸುತ್ತಿದ್ದೆ. ಕಟ್ಟಡದ ಫೋಟೋ ಕೊನೆಗೆ.

ಫೋಟೋ ಅಂದಾಗ ನೆನಪಾಯಿತು. ದಾನಿಯೊಬ್ಬರ ಹುಟ್ಟುಹಬ್ಬ, ಮಕ್ಕಳು ಸಾಲಾಗಿ ನಿಂತು ಕೈಯಲ್ಲಿ ಬ್ಯಾಗು, ಸಂಜೆಗೆ ಎಲ್ಲ ವಾಟ್ಸಾಪ್ ಗ್ರೂಪಿನಲ್ಲೂ ಅದೇ. ಪಾಲನೆ, ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯ ಕಲಮು 74ರ ಅಡಿಯಲ್ಲಿ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಳಿಸಿದವರಲ್ಲಿ ಮಂಡಳಿಯ ಸದಸ್ಯರೇ ಜಾಸ್ತಿ.

ಗಡಿಯ ವಿಷಯ. ಮಂಜೇಶ್ವರ ಸ್ಟೇಷನ್ನಿನಲ್ಲೋ ಉಪ್ಪಳ ಬಸ್ ಸ್ಟ್ಯಾಂಡಿನಲ್ಲೋ ಒಂಟಿ ಮಗು ಸಿಗುತ್ತದೆ. ಕರ್ನಾಟಕದ ವಿಟ್ಲದ ಕಡೆಯದು ಅಂತ ಗೊತ್ತಾಗುತ್ತದೆ. ಕಾರಿರುವ ಸದಸ್ಯರು ತಕ್ಷಣ ಹೇಳುತ್ತಾರೆ, "ಇಲ್ಲೇ ಅಲ್ವಾ, ತಲಪಾಡಿ ದಾಟಿದರೆ ಆಯ್ತು, ನಾನೇ ಬಿಟ್ಟು ಬರ್ತೇನೆ." ಮಂಗಳೂರು ನಮಗೆ ಪರವೂರಲ್ಲ, ಸರಿ. ಆದರೂ ಬಿಟ್ಟು ಬರುವ ಹಾಗಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಆ ಕಡೆಗೆ ಕಳಿಸುವುದು ಸಮಿತಿಯ ಆದೇಶದ ಮೇಲೆ. ಆ ಮಗು ಮನೆ ಬಿಟ್ಟು ಓಡಿ ಬಂದದ್ದು ಯಾಕೆ ಅಂತ ಕಾರಿನಲ್ಲಿ ಕೂರಿಸಿದವರಿಗೆ ಗೊತ್ತಿರುವುದಿಲ್ಲವಲ್ಲ.

ಮಂಡಳಿಯಲ್ಲಿ ಯಾರಿರಬೇಕು? ಒಂದು ನಿರ್ಬಂಧ ಕಾನೂನಿನಲ್ಲೇ ಇದೆ. 2021ರ ತಿದ್ದುಪಡಿಯ ನಂತರ ಮಕ್ಕಳ ಸಂಸ್ಥೆಯ ಆಡಳಿತದಲ್ಲಿ ಇರುವವರು ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರಾಗುವ ಹಾಗಿಲ್ಲ. ಹತ್ತು ಜನ ಹಿರಿಯರೇ ಎಲ್ಲ ಸಮಿತಿಯಲ್ಲೂ ಇರುವ ನಮ್ಮ ಊರಿಗೆ ಇದು ಬೇಕಿತ್ತು. ಉಳಿದದ್ದು ನಿಮ್ಮ ಆಯ್ಕೆ. ಎಣ್ಮಕಜೆಯ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಕುಟುಂಬಗಳ ನಡುವೆ ಕೆಲಸ ಮಾಡುವ ಸಂಸ್ಥೆಯ ಮಂಡಳಿಯಲ್ಲಿ ಅಂಥ ಮಗುವಿನ ತಾಯಿ ಒಬ್ಬರಾದರೂ ಇರಬೇಡವೇ? ಮಗುವನ್ನು ಎತ್ತಿಕೊಂಡು ಬಸ್ಸು ಹತ್ತುವುದು ಎಂದರೇನು, ಮಧ್ಯಾಹ್ನ ಎರಡು ಗಂಟೆ ಯಾರಾದರೂ ನೋಡಿಕೊಂಡರೆ ಏನೆಲ್ಲ ಸಾಧ್ಯ ಎಂದು ಅವರಿಗೆ ಗೊತ್ತು. ಸಂಸ್ಥೆಯಲ್ಲೇ ಬೆಳೆದು ಈಗ ಕೆಲಸದಲ್ಲಿರುವ ಹುಡುಗನೊಬ್ಬ ಇದ್ದರೆ ಇನ್ನೂ ಒಳ್ಳೆಯದು. ಹಿರಿಯರ ಎದುರು ಅವನು ಮಾತಾಡಬೇಕಾದರೆ ಅಧ್ಯಕ್ಷರು ಮೊದಲು ಅವನನ್ನೇ ಕೇಳಬೇಕು.

ಫೋನ್ ಬಂದಾಗ ಹೂಂ ಅನ್ನುವ ಮೊದಲು ಮೂರು ಕಾಗದ ತರಿಸಿಕೊಳ್ಳಿ: ನೋಂದಣಿ ಪತ್ರ, ಕೊನೆಯ ತಪಾಸಣಾ ವರದಿ, ಕೊನೆಯ ಆಡಿಟ್. ಕೊಡಲು ಹಿಂದೆಮುಂದೆ ನೋಡಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು. ಈಗಾಗಲೇ ಸೇರಿದ್ದು, ಇನ್ನು ಆಗುವುದಿಲ್ಲ ಅನ್ನಿಸಿದರೆ ಸುಮ್ನೆ ಸಭೆಗೆ ಹೋಗುವುದು ನಿಲ್ಲಿಸಬೇಡಿ. ಲಿಖಿತ ರಾಜೀನಾಮೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಸರಗೋಡಿನಲ್ಲಿ ಸೊಸೈಟಿಗಳಿಗೆ ಅನ್ವಯವಾಗುವ 1860ರ ಕಾಯ್ದೆಯ ಪ್ರಕಾರ ಮಂಡಳಿಯ ಸದಸ್ಯರ ಪಟ್ಟಿಯನ್ನು ಪ್ರತಿ ವರ್ಷ ಮಹಾಸಭೆಯ ನಂತರ 14 ದಿನದೊಳಗೆ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಮುಂದಿನ ಪಟ್ಟಿಯಿಂದ ನಿಮ್ಮ ಹೆಸರು ತೆಗೆದಿದ್ದಾರೆಯೇ ಎಂದು ಒಮ್ಮೆ ಕಚೇರಿಗೆ ಹೋಗಿ ನೋಡಿ ಬನ್ನಿ. ಹಳೆಯ ಪಟ್ಟಿಯನ್ನೇ ಹಾಗೆಯೇ ಟೈಪ್ ಮಾಡಿ ಕಳಿಸುವ ಕಾರ್ಯದರ್ಶಿಗಳು ಬೇಕಾದಷ್ಟು ಜನ ಇದ್ದಾರೆ.